ಪಕ್ಕದಲ್ಲಿ ಕುಳಿತವರ ಹಕ್ಕು

ಅಪರಿಚಿತರೊಂದಿಗೆ ಮಾತನಾಡಬಾರದು, ಅವರು ಕೊಟ್ಟದ್ದನ್ನು ತಿನ್ನಬಾರದು, ಅವರು ಕರೆದಲ್ಲಿಗೆ ಹೋಗಬಾರದು. ಇವು ಇಂದು ಪ್ರತಿಯೊಂದು ಮನೆಯಲ್ಲೂ ಮಕ್ಕಳಿಗೆ ಮೊಟ್ಟಮೊದಲು ಕಲಿಸಲಾಗುವ ಪಾಠಗಳು. ಕಾಲವೇ ಹಾಗಿರುವುದರಿಂದ ಈ ಎಚ್ಚರಿಕೆಯನ್ನು ಯಾರೂ ತಪ್ಪೆನ್ನಲಾರರು. ಇತ್ತೀಚೆಗೆ ನಮ್ಮ ಹಿರಿಯ ಮಗಳು ಉದ್ಯೋಗ ನಿಮಿತ್ತ ಬೆಂಗಳೂರಿಗೆ ಹೊರಟಾಗ ನಾವೂ ಇವನ್ನೇ ಮತ್ತೊಮ್ಮೆ ಹೇಳಿದೆವು. ಆದರೆ ಇಷ್ಟನ್ನು ಹೇಳಿ ಮುಗಿಸಿದಾಗ ಮನಸ್ಸಿಗೆ ಸಮಾಧಾನವಾಗಲಿಲ್ಲ. ಏಕೆಂದರೆ, ಸುಮಾರು ಇಪ್ಪತ್ತು ವರ್ಷಗಳ ಕಾಲ ಮುಂಬಯಿಯಲ್ಲಿ ಬದುಕಿದ ನಮ್ಮ ಕುಟುಂಬವನ್ನು ಕಷ್ಟದ ಗಳಿಗೆಗಳಲ್ಲಿ ಕೈಹಿಡಿದು ದಾಟಿಸಿದವರು ಅಪರಿಚಿತರೇ ಆಗಿದ್ದರು. ಹೆಸರು ತಿಳಿಯದ, ಮತ್ತೆಂದೂ ಕಾಣದ ಆ ಕೆಲವರ ವಿಷಯವನ್ನು ಮಕ್ಕಳಿಗೆ ಹೇಳದೆ ಹೋದರೆ ಅವರು ಕಲಿತ ಪಾಠ ಅರ್ಧದಲ್ಲೇ ನಿಂತೀತು.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೆಯ ಸೂಕ್ತವನ್ನು ನಾವೆಲ್ಲರೂ ಓದಿರುತ್ತೇವೆ. ಅಲ್ಲಾಹನನ್ನು ಮಾತ್ರ ಆರಾಧಿಸಬೇಕೆಂಬ ಆದೇಶದ ಬೆನ್ನಿಗೇ, ಯಾರ್ಯಾರೊಂದಿಗೆ ಸೌಜನ್ಯದಿಂದ ವರ್ತಿಸಬೇಕೆಂಬುದನ್ನು ಅದರಲ್ಲಿ ಒಬ್ಬೊಬ್ಬರಾಗಿ ಹೇಳಲಾಗಿದೆ. ತಂದೆತಾಯಿ, ಬಂಧುಗಳು, ಅನಾಥರು, ಬಡವರು, ಬಂಧುಗಳಾಗಿರುವ ನೆರೆಯವರು, ಬಂಧುಗಳಲ್ಲದ ನೆರೆಯವರು, ಇವರೆಲ್ಲರ ನಂತರ ಪಕ್ಕದ ಒಡನಾಡಿಯ ಉಲ್ಲೇಖ ಬರುತ್ತದೆ. ಆ ಬಳಿಕ ದಾರಿಹೋಕನದು. ಈ ಪಕ್ಕದ ಒಡನಾಡಿ ಯಾರು? ಬಾಳಸಂಗಾತಿ ಎಂದು ಕೆಲವು ವ್ಯಾಖ್ಯಾನಕಾರರು ಹೇಳಿದರೆ, ಪ್ರಯಾಣದಲ್ಲಿ ಜೊತೆಯಾದವನು ಎಂದು ಇನ್ನು ಕೆಲವರು ವಿವರಿಸಿದ್ದಾರೆ. ಅಂಗಡಿಯಲ್ಲೋ ಸಭೆಯಲ್ಲೋ ಸ್ವಲ್ಪ ಹೊತ್ತಿನ ಮಟ್ಟಿಗಷ್ಟೇ ನಮ್ಮ ಬದಿಗೆ ಬಂದವನೂ ಇದರಲ್ಲಿ ಸೇರುತ್ತಾನೆಂಬ ವಿವರಣೆಯೂ ಇದೆ. ಊರಿನಲ್ಲಿ ಬದುಕುವಷ್ಟು ಕಾಲ ಈ ಮಾತಿನ ವ್ಯಾಪ್ತಿ ನಮಗೆ ಅಷ್ಟಾಗಿ ಹೊಳೆದಿರಲಿಲ್ಲ. ಅದರ ಅರ್ಥ ನಮ್ಮ ಮುಂದೆ ಬಿಚ್ಚಿಕೊಂಡದ್ದು ಮುಂಬಯಿಯ ಲೋಕಲ್ ರೈಲಿನಲ್ಲಿ.

ನಮ್ಮ ಊರು ಕಾಪುವಿನ ಬದಿಯದು. ಅಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಎರಡು ನಿಲ್ದಾಣ ದಾಟುವುದರೊಳಗೆ ನೀವು ಯಾರ ಮನೆಯವರು, ಯಾರ ಮಗ ಎಂದು ವಿಚಾರಿಸಿ ತಿಳಿದುಕೊಂಡಿರುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಎಲ್ಲಿಯಾದರೊಂದು ನಂಟು ಸಿಕ್ಕಿಯೇ ಸಿಗುತ್ತದೆ. 1999ರಲ್ಲಿ ಮುಂಬಯಿಗೆ ಹೋಗಿ ಜೋಗೇಶ್ವರಿಯಲ್ಲಿ ಮನೆ ಮಾಡಿದಾಗ ಇದೆಲ್ಲವೂ ಒಮ್ಮೆಲೇ ನಿಂತುಹೋಯಿತು. ದಿನವೊಂದಕ್ಕೆ ಸುಮಾರು 75 ಲಕ್ಷ ಜನರು ಪಯಣಿಸುವ ಆ ರೈಲುಗಳಲ್ಲಿ ಯಾರೂ ಯಾರನ್ನೂ ನೀವು ಯಾರ ಮನೆಯವರೆಂದು ಕೇಳುವುದಿಲ್ಲ. ಮೊದಲ ಕೆಲವು ತಿಂಗಳು ಈ ಮೌನ ನಮಗೆ ಬಹಳ ಭಾರವಾಗಿ ತೋರಿತು.

ಆದರೆ ಆ ರೈಲಿಗೆ ತನ್ನದೇ ಆದ ಒಂದು ಶಿಷ್ಟಾಚಾರವಿದೆಯೆಂಬುದು ಕ್ರಮೇಣ ಅರಿವಾಯಿತು. ಎರಡನೆಯ ದರ್ಜೆಯ ಬೋಗಿಯಲ್ಲಿ ಮೂವರಿಗೆಂದು ಮಾಡಿದ ಆಸನದಲ್ಲಿ ನಾಲ್ವರು ಕುಳಿತುಕೊಳ್ಳುತ್ತಾರೆ. ನಾಲ್ಕನೆಯವನಿಗೆ ದಕ್ಕುವುದು ಒಂದು ಗೇಣು ಹಲಗೆ ಮಾತ್ರ. ಅವನ ಅರ್ಧ ದೇಹ ನಡೆದಾಡುವ ದಾರಿಯಲ್ಲೇ ಇರುತ್ತದೆ. ಆದರೂ ಅವನು ಬಂದು ನಿಂತು ಕೈಯಿಂದ ಸಣ್ಣದೊಂದು ಸನ್ನೆ ಮಾಡಿದರೆ ಮೂವರೂ ಗೊಣಗದೆ ಒಳಕ್ಕೆ ಸರಿಯುತ್ತಾರೆ. ಕುಳಿತವರು ನಿಂತವರ ಚೀಲವನ್ನು ಕೇಳಿ ಪಡೆದು ತಮ್ಮ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಇಳಿಯುವವನು ತನ್ನ ಜಾಗವನ್ನು ಬಹಳ ಹೊತ್ತಿನಿಂದ ನಿಂತವನಿಗೆ ತೋರಿಸಿ ಹೋಗುತ್ತಾನೆ. ಈ ನಿಯಮಗಳನ್ನು ರೈಲ್ವೆ ಇಲಾಖೆ ಮಾಡಿದ್ದಲ್ಲ, ಯಾವ ಫಲಕದಲ್ಲಿಯೂ ಬರೆದಿಲ್ಲ. ಸಭೆಗಳಲ್ಲಿ ಜಾಗ ಮಾಡಿಕೊಡಿರೆಂದು ಹೇಳಿದಾಗ ಜಾಗ ಮಾಡಿಕೊಡಿರಿ, ಅಲ್ಲಾಹನು ನಿಮಗೆ ವಿಶಾಲತೆಯನ್ನು ಕರುಣಿಸುವನು ಎಂಬ ಅರ್ಥದ ಮಾತು ಅಲ್ ಮುಜಾದಲಃ ಅಧ್ಯಾಯದ 11ನೆಯ ಸೂಕ್ತದಲ್ಲಿದೆ. ಆ ಸೂಕ್ತವನ್ನು ಕೇಳಿಯೇ ಇರದ ಜನರು ಅದರಂತೆ ನಡೆಯುವುದನ್ನು ನಾವು ದಿನವೂ ಬೆಳಿಗ್ಗೆ ಮತ್ತು ಸಂಜೆ ಕಣ್ಣಾರೆ ಕಂಡೆವು.

ಮಹಿಳೆಯರ ಬೋಗಿಯದ್ದು ಇನ್ನೊಂದು ಲೋಕ. ಮನೆಯವರು ವಾರಕ್ಕೆರಡು ಬಾರಿ ದಾದರಿನಿಂದ ಸಂಜೆಯ ರೈಲಿನಲ್ಲಿ ಮರಳುತ್ತಿದ್ದರು. ಬೆಳಿಗ್ಗೆ ಮನೆ ಬಿಟ್ಟು ರಾತ್ರಿ ವಿರಾರ್ ತಲಪುವ ಉದ್ಯೋಗಸ್ಥ ಹೆಂಗಸರು ರೈಲಿನಲ್ಲೇ ರಾತ್ರಿಯ ಅಡುಗೆಗೆ ತರಕಾರಿ ಹಸನು ಮಾಡಿಕೊಳ್ಳುವುದು ಅಲ್ಲಿ ವಾಡಿಕೆ. ಒಂದು ದಿನ ಎದುರು ಕುಳಿತ ಮಹಿಳೆ ಹಸಿ ಬಟಾಣಿಯ ಪೊಟ್ಟಣವನ್ನು ಬಿಡಿಸಿ, ಬುರ್ಖಾ ತೊಟ್ಟು ಸುಮ್ಮನೆ ಕುಳಿತಿದ್ದ ನಮ್ಮ ಮನೆಯವರ ಮಡಿಲಿಗೂ ಒಂದು ಬೊಗಸೆ ಸುರಿದುಬಿಟ್ಟರಂತೆ. ಕೈ ಖಾಲಿ ಇದೆಯಲ್ಲ, ಸುಲಿದುಕೊಡು ಎಂಬುದು ಅದರ ಅರ್ಥ. ಹೆಸರು ಕೇಳಲಿಲ್ಲ, ಉಪಚಾರದ ಮಾತೂ ಆಡಲಿಲ್ಲ. ಜೋಗೇಶ್ವರಿ ಬರುವವರೆಗೆ ನಾಲ್ವರು ಹೆಂಗಸರು ಕೂಡಿ ಬಟಾಣಿ ಸುಲಿದರು. ಈ ನಗರದಲ್ಲಿ ತಾನು ಪರಕೀಯಳೆಂಬ ಭಾವನೆ ತನಗೆ ಹೋದದ್ದು ಅಂದೇ ಎಂದು ಅವರು ಈಗಲೂ ಹೇಳುವುದುಂಟು. ಅತಿಥಿಯೆಂದು ಆದರಿಸುವವರು ಹಲವರು ಸಿಗಬಹುದು. ಮನೆಯವಳೆಂಬಂತೆ ಕೆಲಸ ಹೇಳುವವರು ವಿರಳ.

ನಗರದ ಅಪರಿಚಿತರನ್ನು ನಾವು ನಿಜವಾಗಿ ಕಂಡದ್ದು 2005ರ ಜುಲೈ 26ರಂದು. ಅಂದು ಮಂಗಳವಾರ. ಬಾಂದ್ರಾದಲ್ಲಿ ಕಾಯಿಲೆಯಲ್ಲಿದ್ದ ಬಂಧುವೊಬ್ಬರನ್ನು ನೋಡಲೆಂದು ನಾವಿಬ್ಬರೂ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದೆವು. ಮಧ್ಯಾಹ್ನದ ನಂತರ ಸುರಿಯತೊಡಗಿದ ಮಳೆ ನಿಲ್ಲಲೇ ಇಲ್ಲ. ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತೆಂದು ಆಮೇಲೆ ತಿಳಿಯಿತು. ಕರಾವಳಿಯ ಮಳೆ ಕಂಡು ಬೆಳೆದ ನಮಗೂ ಅದು ಮಳೆಯೆಂದು ನಂಬಲಾಗದ ಮಳೆಯಾಗಿತ್ತು. ರೈಲುಗಳು ನಿಂತವು, ವಿದ್ಯುತ್ ಹೋಯಿತು, ಫೋನುಗಳು ಸತ್ತವು. ಕಾದು ಪ್ರಯೋಜನವಿಲ್ಲವೆಂದು ತಿಳಿದು ಸಾವಿರಾರು ಜನರೊಂದಿಗೆ ನಾವೂ ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ ಉತ್ತರ ದಿಕ್ಕಿಗೆ ನಡೆಯತೊಡಗಿದೆವು. ಜೋಗೇಶ್ವರಿ ಅಲ್ಲಿಂದ 10 ಕಿಲೋಮೀಟರಿಗೂ ಹೆಚ್ಚು ದೂರ.

ಖಾರ್ ದಾಟುವಾಗ ನೀರು ಮೊಣಕಾಲಿಗಿತ್ತು, ಸಾಂತಾಕ್ರೂಜ್ ಸಮೀಪಿಸಿದಾಗ ಸೊಂಟಕ್ಕೆ ಬಂತು. ಮಗಳು ಹೆಗಲ ಮೇಲಿದ್ದಳು. ಅಂತಹ ನೀರಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಬಾಯ್ತೆರೆದ ಮ್ಯಾನ್‌ಹೋಲ್. ನೀರು ಇಳಿದುಹೋಗಲೆಂದು ಮುಚ್ಚಳಗಳನ್ನು ತೆಗೆದಿಡುತ್ತಾರೆ. ಕಂದು ನೀರಿನ ಕೆಳಗೆ ಅದು ಎಲ್ಲಿದೆಯೆಂದು ಯಾರಿಗೂ ಕಾಣುವುದಿಲ್ಲ. ಕತ್ತಲಾಗುತ್ತಿದ್ದ ಆ ಹೊತ್ತಿನಲ್ಲಿ ರಸ್ತೆಯ ನಡುವೆ ಓರ್ವ ಮನುಷ್ಯ ಬಿದಿರಿನ ಗಳುವೊಂದನ್ನು ನೀರಿಗೆ ಊರಿ ನಿಂತಿದ್ದ. ಗಳುವಿನ ತುದಿಗೆ ಕೆಂಪು ಬಟ್ಟೆಯ ತುಂಡು. ಹತ್ತಿರ ಬಂದವರಿಗೆಲ್ಲ ಬದಿಯಿಂದ, ಬದಿಯಿಂದ ಎಂದು ಹಿಂದಿಯಲ್ಲಿ ಕೂಗಿ ಹೇಳುತ್ತಿದ್ದ. ಕೂಗಿ ಕೂಗಿ ಅವನ ಧ್ವನಿ ಒಡೆದಿತ್ತು. ಹೆಗಲ ಮೇಲಿನ ಮಗುವನ್ನು ಕಂಡು ಅವನು ಒಂದು ಕೈಯಿಂದ ಗಳುವನ್ನು ಹಿಡಿದುಕೊಂಡೇ ಇನ್ನೊಂದು ಕೈಯನ್ನು ನಮ್ಮತ್ತ ಚಾಚಿ, ಆ ಜಾಗವನ್ನು ದಾಟಿಸಿದ. ಎಷ್ಟು ಹೊತ್ತಿನಿಂದ ನಿಂತಿದ್ದೀರಿ, ಮನೆಗೆ ಹೋಗುವುದಿಲ್ಲವೇ ಎಂದು ಕೇಳಿದೆವು. ನಾನು ಹೋದರೆ ಇಲ್ಲಿ ಯಾರು ನಿಲ್ಲುತ್ತಾರೆ ಎಂದಷ್ಟೇ ಹೇಳಿ ಅವನು ನಮ್ಮ ಹಿಂದೆ ಬರುತ್ತಿದ್ದವರತ್ತ ತಿರುಗಿದ.

ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದು ಸತ್ಯವಿಶ್ವಾಸದ ಶಾಖೆಗಳಲ್ಲೊಂದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮದ್ರಸದಲ್ಲಿ ಇದನ್ನು ಕಲಿಯುವಾಗ ಮುಳ್ಳು, ಕಲ್ಲು, ಬಾಳೆಹಣ್ಣಿನ ಸಿಪ್ಪೆ ಇವೇ ನಮ್ಮ ಮುಂದಿನ ಉದಾಹರಣೆಗಳಾಗಿದ್ದವು. ಸರಿಸಲಾಗದ ಅಪಾಯವೊಂದು ದಾರಿಯಲ್ಲಿದ್ದರೆ ತಾನೇ ಅದರ ಪಕ್ಕದಲ್ಲಿ ನಿಂತುಬಿಡುವುದೂ ಆ ಶಾಖೆಗೆ ಸೇರಿದ್ದೆಂದು ಅಂದು ಕಲಿತೆವು. ಆ ರಾತ್ರಿ ಅವನು ಎಷ್ಟು ಮಂದಿಯ ಜೀವ ಉಳಿಸಿದನೆಂಬುದನ್ನು ಅಲ್ಲಾಹನೇ ಬಲ್ಲ. ಉಳಿದವರಿಗೂ ಅದು ತಿಳಿದಿರಲಾರದು, ಏಕೆಂದರೆ ಬೀಳದೆ ಹೋದ ಗುಂಡಿಯ ನೆನಪನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ವಿಲೆ ಪಾರ್ಲೆಯ ಹತ್ತಿರ ಮುಂದಕ್ಕೆ ಹೋಗಲಾಗಲಿಲ್ಲ. ಅಲ್ಲಿನ ಒಂದು ವಸತಿ ಕಟ್ಟಡದವರು ಗೇಟು ತೆರೆದಿಟ್ಟು, ಮೇಣದ ಬತ್ತಿ ಹಿಡಿದುಕೊಂಡು, ದಾರಿಯಲ್ಲಿದ್ದವರನ್ನು ಮೇಲಕ್ಕೆ ಕರೆಯುತ್ತಿದ್ದರು. ಮೆಟ್ಟಿಲುಗಳ ತುಂಬ ನಮ್ಮಂತಹವರೇ. ಎರಡನೆಯ ಮಹಡಿಯ ಮನೆಯವರು ಮಗುವಿದೆಯೆಂದು ನಮ್ಮನ್ನು ಒಳಗೆ ಕರೆದರು. ಚಹಾ ಮತ್ತು ಬಿಸ್ಕತ್ತು ಕೊಟ್ಟರು. ತಮ್ಮ ಮಗಳ ಹಳದಿ ಫ್ರಾಕೊಂದನ್ನು ತಂದು ನಮ್ಮ ಮಗಳಿಗೆ ತೊಡಿಸಿದರು. ಇಶಾ ನಮಾಝ್‌ಗೆ ದಿಕ್ಕು ತಿಳಿಯದೆ, ಸಮುದ್ರ ಯಾವ ಕಡೆಗಿದೆ ಎಂದು ಕೇಳಿದಾಗ ಆ ಮನೆಯ ಹುಡುಗ ಕಿಟಕಿಯತ್ತ ಬೆರಳು ತೋರಿಸಿ, ಅಲ್ಲಿದ್ದ ಕುರ್ಚಿಯನ್ನು ತಾನೇ ಸರಿಸಿ ಜಾಗ ಮಾಡಿದ. ಮರುದಿನ ಮಧ್ಯಾಹ್ನ ನೀರಿಳಿದ ಮೇಲೆ ಹೊರಟೆವು. ಕೆಲವು ವಾರಗಳ ಬಳಿಕ ಫ್ರಾಕನ್ನು ಒಗೆದು, ಇಸ್ತ್ರಿ ಹಾಕಿ, ಒಂದಿಷ್ಟು ಊರಿನ ತಿಂಡಿಯೊಂದಿಗೆ ಹಿಂದಿರುಗಿಸಲು ಹೋದೆವು. ಕತ್ತಲಲ್ಲಿ ಕಂಡ ಕಟ್ಟಡವನ್ನು ಬೆಳಕಿನಲ್ಲಿ ಗುರುತಿಸಲಾಗಲಿಲ್ಲ. ಒಂದೇ ತೆರನಾದ ಐದಾರು ಕಟ್ಟಡಗಳು, ಒಂದೇ ತೆರನಾದ ಗೇಟುಗಳು. ಮೂರು ಕಡೆ ವಿಚಾರಿಸಿದೆವು. ಆ ರಾತ್ರಿ ನಮ್ಮಲ್ಲಿಗೂ ಬಹಳ ಜನ ಬಂದಿದ್ದರು ಎಂಬುದೇ ಮೂರೂ ಕಡೆ ಸಿಕ್ಕಿದ ಉತ್ತರ. ಆ ಫ್ರಾಕನ್ನು ಮುಂದೆ ನಮ್ಮ ಎರಡನೆಯ ಮಗಳೂ ತೊಟ್ಟಳು.

ಒಂದು ವರ್ಷವೂ ತುಂಬಿರಲಿಲ್ಲ. 2006ರ ಜುಲೈ 11ರ ಸಂಜೆ, ಕೆಲಸ ಮುಗಿಸಿ ಜನರು ಮನೆಗೆ ಮರಳುವ ಹೊತ್ತಿನಲ್ಲಿ, ಪಶ್ಚಿಮ ಮಾರ್ಗದ ಲೋಕಲ್ ರೈಲುಗಳಲ್ಲಿ 11 ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದವು. 180ಕ್ಕೂ ಹೆಚ್ಚು ಜನರು ಪ್ರಾಣ ಕಳಕೊಂಡರು. ನಮ್ಮ ಜೋಗೇಶ್ವರಿ ನಿಲ್ದಾಣವೂ ಆ ಏಳರಲ್ಲಿ ಒಂದಾಗಿತ್ತು. ಹಳಿಗಳ ಪಕ್ಕದಲ್ಲಿ ವಾಸಿಸುವ ಬಡವರು ತಮ್ಮ ಹೊದಿಕೆಗಳನ್ನೇ ತಂದು ಗಾಯಾಳುಗಳನ್ನು ಅವುಗಳಲ್ಲಿ ಹೊತ್ತು ಸಾಗಿಸಿದರು. ರಕ್ತ ನೀಡಲು ಆಸ್ಪತ್ರೆಗಳ ಮುಂದೆ ಜನರು ಸಾಲುಗಟ್ಟಿದರು. ಯಾರ ರಕ್ತ ಯಾರ ದೇಹಕ್ಕೆ ಹೋಯಿತೆಂದು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ರೈಲುಗಳು ಓಡಿದವು. ಕೆಲಸಕ್ಕೆ ಹೋಗಲೇಬೇಕಿದ್ದ ನಾವು ಮೂವರು, ಒಂದೇ ಕಟ್ಟಡದ ನೆರೆಯವರು, ಒಟ್ಟಿಗೆ ಹೊರಟೆವು. ಮೂವರಿಗೂ ಗಡ್ಡವಿತ್ತು, ಹಿರಿಯರಾದ ಒಬ್ಬರ ತಲೆಯ ಮೇಲೆ ಟೋಪಿಯಿತ್ತು. ಅವರ ಕೈಯಲ್ಲಿ ಬುತ್ತಿಯ ಡಬ್ಬಿಯಿದ್ದ ಬಟ್ಟೆಯ ಚೀಲ. ಇಂದು ಟೋಪಿ ತೆಗೆದಿಡಿ ಎಂದು ಮನೆಯಲ್ಲಿ ಹೇಳಿದ್ದರಂತೆ, ಅವರು ತೆಗೆದಿರಲಿಲ್ಲ. ಬೋಗಿಯೊಳಗೆ ಎಂದಿನ ಹರಟೆಯಾಗಲಿ, ಇಸ್ಪೀಟಾಗಲಿ ಇರಲಿಲ್ಲ. ನಾವು ಹತ್ತಿದಾಗ ಕೆಲವು ಕಣ್ಣುಗಳು ಮೊದಲು ನಮ್ಮ ಮುಖಗಳತ್ತ, ಆಮೇಲೆ ಆ ಚೀಲದತ್ತ ಹೋದವು. ಅವರನ್ನು ದೂರುವಂತಿಲ್ಲ, ಹಿಂದಿನ ಸಂಜೆ ಅದೇ ಹಳಿಗಳ ಮೇಲೆ ಅಷ್ಟೊಂದು ಜನ ಸತ್ತಿದ್ದರು. ಆದರೆ ಆ ನೋಟದ ಕೆಳಗೆ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ನಿಂತವರೇ ಬಲ್ಲರು. ಚೀಲವನ್ನು ಮೇಲಿನ ಹಲಗೆಯ ಮೇಲಿಟ್ಟರೆ ಇನ್ನೊಂದು ಸಂಶಯ, ಕೈಯಲ್ಲೇ ಹಿಡಿದುಕೊಂಡರೆ ಮತ್ತೊಂದು.

ಅಂಧೇರಿ ದಾಟಿದ ಬಳಿಕ, ಅಂಚಿನಲ್ಲಿ ಕುಳಿತು ಮರಾಠಿ ಪತ್ರಿಕೆ ಓದುತ್ತಿದ್ದ, ಹಣೆಗೆ ಗಂಧವಿಟ್ಟುಕೊಂಡಿದ್ದ ನಡುವಯಸ್ಸಿನವರೊಬ್ಬರು ಪತ್ರಿಕೆಯನ್ನು ಮಡಚಿದರು. ಪಕ್ಕದವರನ್ನು ಒತ್ತಿ ಒಳಕ್ಕೆ ಸರಿದು, ಆ ಒಂದು ಗೇಣು ಹಲಗೆಯನ್ನು ಕೈಯಿಂದ ತಟ್ಟಿ, ನಮ್ಮೊಡನಿದ್ದ ಹಿರಿಯರಿಗೆ "ಬಸಾ, ಚಾಚಾ" ಎಂದರು. ಹಿರಿಯರು ಕುಳಿತರು. ಬಳಿಕ ಅವರು ಆ ಚೀಲವನ್ನು ಹಿರಿಯರ ಕೈಯಿಂದ ತಾವೇ ತೆಗೆದುಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಪತ್ರಿಕೆಯನ್ನು ಹರಡಿ ಮತ್ತೆ ಓದತೊಡಗಿದರು. ಬೋಗಿಯ ಬಿಗು ಸಡಿಲವಾಯಿತು. ಕಿಟಕಿಯ ಬಳಿಯವನೊಬ್ಬ ಮಳೆಯ ವಿಷಯ ತೆಗೆದ. ದಾದರ್ ಬಂದಾಗ ಅವರು ಚೀಲವನ್ನು ಹಿರಿಯರಿಗೆ ಒಪ್ಪಿಸಿ ಇಳಿದುಹೋದರು. ನಮ್ಮ ಹಿರಿಯರು ಚರ್ಚ್‌ಗೇಟ್ ತಲಪುವವರೆಗೆ ಮಾತನಾಡಲಿಲ್ಲ. ಇಳಿಯುವಾಗ, ಅವರ ಹೆಸರನ್ನಾದರೂ ಕೇಳಬೇಕಿತ್ತು, ದುಆದಲ್ಲಿ ಹೇಳಲಾಗುತ್ತಿತ್ತು ಎಂದರು.

ಸಾರ್ವಜನಿಕವಾಗಿ ಭಾಷಣ ಮಾಡಿ ಸೌಹಾರ್ದದ ಬಗ್ಗೆ ಹೇಳುವವರನ್ನು ನಾವು ಗೌರವಿಸುತ್ತೇವೆ. ಆದರೆ ಅಂದು ಆ ಬೋಗಿಯಲ್ಲಿ ಯಾವ ಭಾಷಣದಿಂದಲೂ ಆಗದ ಕೆಲಸವನ್ನು ತೊಡೆಯ ಮೇಲಿಟ್ಟುಕೊಂಡ ಒಂದು ಬುತ್ತಿಯ ಚೀಲ ಮಾಡಿತು. ಅವರು ಹೊಸದೇನನ್ನೂ ಮಾಡಲಿಲ್ಲ. ಪ್ರತಿದಿನ ಆ ರೈಲಿನಲ್ಲಿ ನಡೆಯುವುದನ್ನೇ, ನಡೆಯದೆ ಹೋಗಬಹುದಾಗಿದ್ದ ಒಂದು ದಿನ ಮಾಡಿದರು.

ಎಲ್ಲ ಭೇಟಿಗಳೂ ಇಷ್ಟು ಭಾರದವಲ್ಲ. 2008ರಲ್ಲಿ ಒಮ್ಮೆ ದಾದರ್ ನಿಲ್ದಾಣದ ಬೆಂಚಿನಲ್ಲಿ ರೈಲಿಗೆ ಕಾಯುತ್ತಿದ್ದೆವು. ಏಳು ವರ್ಷದ ಮಗಳು ಊರಿನ ಬಟ್ಟೆಯಂಗಡಿಯ ಕೈಚೀಲದ ಮೇಲಿದ್ದ ಕನ್ನಡ ಅಕ್ಷರಗಳನ್ನು ಕೂಡಿಸಿ ಓದಲು ಯತ್ನಿಸುತ್ತಿದ್ದಳು. ಪಕ್ಕದಲ್ಲಿ ಕುಳಿತಿದ್ದ ಬಿಳಿ ಪಂಚೆಯ ವೃದ್ಧರು ತಿರುಗಿ, "ನಿಮ್ಮೂರ್ ಯಾವ್ದ್?" ಎಂದು ಕೇಳಿದರು. ಕುಂದಾಪುರದ ಕನ್ನಡ. ಹನ್ನೆರಡನೆಯ ವಯಸ್ಸಿನಲ್ಲಿ ಊರು ಬಿಟ್ಟವರಂತೆ. ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ್ದು 1998ರಲ್ಲಿ. ಅವರು ಬಂದದ್ದು ಅದಕ್ಕಿಂತ ಎಷ್ಟೋ ಮುಂಚೆ, ಘಟ್ಟ ಹತ್ತಿ ಬಸ್ಸು ಬದಲಿಸಿ ಬದಲಿಸಿ. ಹಗಲು ಹೊಟೇಲಿನಲ್ಲಿ ಮೇಜು ಒರೆಸಿ, ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತಿದ್ದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಕರಾವಳಿಯಿಂದ ಬಂದ ಅಂತಹ ಎಷ್ಟೋ ಹುಡುಗರನ್ನು ಮನುಷ್ಯರನ್ನಾಗಿ ಮಾಡಿವೆ. ಅವರು ಮಗಳಿಂದ ಚೀಲದ ಮೇಲಿನ ಪ್ರತಿಯೊಂದು ಪದವನ್ನೂ ಓದಿಸಿದರು, ಒಂದು ಒತ್ತಕ್ಷರವನ್ನು ತಿದ್ದಿದರು. ರೈಲು ಬಂದಾಗ ಎದ್ದು ಅವಳ ತಲೆ ಮುಟ್ಟಿ, "ಓದ್ ಮಗಾ, ಬಿಡ್ಬೇಡ" ಎಂದರು. ಅವಳು ಓದು ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ.

ಇದನ್ನೆಲ್ಲ ಓದಿ ಆ ನಗರವೆಲ್ಲ ಜೇನೆಂದು ಯಾರೂ ಭಾವಿಸಬಾರದು. ಬಾಡಿಗೆ ಮನೆಯನ್ನು ತೋರಿಸಿ, ಮುಂಗಡದ ಮೊತ್ತವನ್ನೂ ಮಾತನಾಡಿ, ಕೊನೆಯಲ್ಲಿ ನಮ್ಮ ಹೆಸರು ಕೇಳಿ ಇಲ್ಲವೆಂದವರು ಅಲ್ಲಿಯೇ ಇದ್ದಾರೆ. ಒಂದಲ್ಲ, ಮೂರು ಬಾರಿ ನಮಗೆ ಹೀಗಾಯಿತು. ಆಗ ನಾವು ಯೋಚಿಸಿದ್ದುಂಟು: ರೈಲಿನಲ್ಲಿ ಗೇಣು ಜಾಗ ಬಿಟ್ಟುಕೊಡುವ ಜನರೇ ಕಟ್ಟಡದಲ್ಲಿ ಜಾಗವಿಲ್ಲವೆನ್ನುವುದೇಕೆ? ರೈಲಿನಲ್ಲಿ ಮೊದಲು ಮನುಷ್ಯ ಕಾಣುತ್ತಾನೆ. ನಿಂತವನ ಆಯಾಸ, ಅವನ ಕೈಯಲ್ಲಿರುವ ಭಾರ ಕಾಣುತ್ತದೆ. ಮನೆಯ ಬಾಗಿಲಲ್ಲಿ ಮೊದಲು ಹೆಸರು ಕೇಳಿಸುತ್ತದೆ. ಹೆಸರು ಮೊದಲು ಬಂದರೆ ಮನುಷ್ಯ ಅದರ ಹಿಂದೆ ಅಡಗಿಬಿಡುತ್ತಾನೆ.

ಈ ಪ್ರಶ್ನೆಯನ್ನು ಇತರರಿಗೆ ಕೇಳುವ ಮುನ್ನ ನಮ್ಮ ಕೇರಿಗಳಲ್ಲಿಯೂ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಬೀದಿಗೆ ವಿಳಾಸ ಹುಡುಕುತ್ತಾ ಬಂದ ಸಾಮಾನು ತಲಪಿಸುವ ಹುಡುಗನಿಗೆ ನಾವು ಒಂದು ಲೋಟ ನೀರು ಕೊಡುತ್ತೇವೆಯೇ? ಜುಮಾದ ದಿನ ವಾಹನಗಳನ್ನು ಅಡ್ಡಾದಿಡ್ಡಿಯಾಗಿ ನಿಲ್ಲಿಸಿ, ಆಸ್ಪತ್ರೆಗೆ ಹೊರಟವರ ದಾರಿ ಕಟ್ಟುವುದಿಲ್ಲವೇ? ದಾರಿಬದಿಯಲ್ಲಿ ಕುಳಿತುಕೊಳ್ಳಲೇಬೇಕಿದ್ದರೆ ದಾರಿಗೆ ಅದರ ಹಕ್ಕನ್ನು ಕೊಡಿರೆಂದು ಪ್ರವಾದಿವರ್ಯರು(ಸ) ಅನುಚರರಿಗೆ ತಿಳಿಸಿದ್ದರು. ದೃಷ್ಟಿಯನ್ನು ತಗ್ಗಿಸುವುದು, ಉಪದ್ರವ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು ಆ ಹಕ್ಕುಗಳೆಂದು ವಿವರಿಸಿದ್ದರು. ಪರಿಚಿತರಿಗೂ ಅಪರಿಚಿತರಿಗೂ ಸಲಾಮ್ ಹೇಳುವುದನ್ನು ಅವರು ಇಸ್ಲಾಮಿನ ಶ್ರೇಷ್ಠ ಕರ್ಮಗಳಲ್ಲಿ ಎಣಿಸಿದ್ದರು.

ಆದ್ದರಿಂದ ಮಕ್ಕಳಿಗೆ ಎಚ್ಚರಿಕೆಯನ್ನು ಕಲಿಸೋಣ. ಒಂಟೆಯನ್ನು ಕಟ್ಟಿದ ಮೇಲೆಯೇ ಭರವಸೆಯಿಡಬೇಕೆಂಬುದೂ ನಮಗೆ ಕಲಿಸಲಾದ ಪಾಠವೇ. ಒಂಟಿಯಾಗಿರುವಾಗ ಯಾರನ್ನು ನಂಬಬೇಕು, ಯಾವ ಹೊತ್ತಿನಲ್ಲಿ ಎಲ್ಲಿರಬಾರದು ಎಂಬುದನ್ನು ಅವರು ತಿಳಿದಿರಲಿ. ಅದರ ಜೊತೆಗೆ ಇನ್ನೂ ಕೆಲವನ್ನು ಕಲಿಸೋಣ. ಬಸ್ಸಿನಲ್ಲಿ ಪಕ್ಕದ ಆಸನದ ಮೇಲೆ ಚೀಲವಿಟ್ಟು ಫೋನಿನಲ್ಲಿ ಮುಳುಗದಿರುವುದು. ಮೆಟ್ರೋದಲ್ಲಿ ನಿಂತ ವೃದ್ಧರನ್ನು ಕಂಡರೆ, ಅವರು ಯಾರೇ ಆಗಿರಲಿ, ಕೇಳುವ ಮೊದಲೇ ಎದ್ದು ನಿಲ್ಲುವುದು. ದಾರಿ ಕೇಳಿದವರಿಗೆ ತಿಳಿದಷ್ಟನ್ನು ಸರಿಯಾಗಿ ಹೇಳುವುದು. ತೆರೆದ ಗುಂಡಿಯೊಂದನ್ನು ಕಂಡರೆ ತಾನು ದಾಟಿದೆನೆಂದು ಮುಂದಕ್ಕೆ ಹೋಗದೆ ಅದರ ಮೇಲೊಂದು ಗುರುತು ನೆಡುವುದು.

ನಾವು ಪಡೆದ ಉಪಕಾರಗಳಲ್ಲಿ ಒಂದನ್ನೂ ಅದನ್ನು ಮಾಡಿದವರಿಗೆ ಹಿಂದಿರುಗಿಸಲಾಗಲಿಲ್ಲ. ಫ್ರಾಕು ಕೊಟ್ಟವರ ಮನೆ ಸಿಗಲಿಲ್ಲ, ಚೀಲ ಹಿಡಿದವರ ಹೆಸರು ತಿಳಿಯಲಿಲ್ಲ. ಇಂತಹ ಸಾಲವನ್ನು ತೀರಿಸಲು ಇರುವ ದಾರಿ ಒಂದೇ. ಮುಂದೆ ನಮ್ಮ ಪಕ್ಕದಲ್ಲಿ ಬಂದು ಕುಳಿತುಕೊಳ್ಳುವ ಅಪರಿಚಿತನಿಗೆ ಅದನ್ನು ಸಲ್ಲಿಸುವುದು. ಅಲ್ಲಾಹನು ಆ ಹೆಸರರಿಯದವರೆಲ್ಲರಿಗೂ ಒಳಿತನ್ನು ಕರುಣಿಸಲಿ. ಪಕ್ಕದಲ್ಲಿ ಕುಳಿತವರ ಹಕ್ಕನ್ನು ಅರಿತು ನಡೆಯುವ ಭಾಗ್ಯವನ್ನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.